ಎಂಎಬಿ414: ಕೋಶಕೇಂದ್ರದ ರಂಧ್ರಗಳನ್ನು ತೋರಿಸುವ ಪ್ರತಿಕಾಯ

ಜೀವಕೋಶದ ಕೇಂದ್ರವನ್ನು ಸುತ್ತುವರಿದ ಜೋಡಿ ಪೊರೆಯಲ್ಲಿ ಸಾವಿರಾರು ರಂಧ್ರಗಳಿವೆ. ಒಳಗೆ ತಯಾರಾದ ಆರ್‌ಎನ್‌ಎ ಹೊರಬರುವುದೂ ಹೊರಗೆ ತಯಾರಾದ ಪ್ರೋಟೀನುಗಳು ಒಳಹೋಗುವುದೂ ಇವುಗಳ ಮೂಲಕವೇ. ಸುಮಾರು 30 ಬಗೆಯ ನ್ಯೂಕ್ಲಿಯೊಪೊರಿನ್ ಪ್ರೋಟೀನುಗಳು ಸೇರಿ ರಂಧ್ರವನ್ನು ಕಟ್ಟುತ್ತವೆ. ಇವುಗಳಲ್ಲಿ ಕೆಲವನ್ನು ಗುರುತಿಸಲು ಪ್ರಯೋಗಾಲಯಗಳು ದಶಕಗಳಿಂದ ನೆಚ್ಚಿಕೊಂಡಿರುವ ಪ್ರತಿಕಾಯ ಎಂಎಬಿ414.

ಹುಟ್ಟು

ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಲಾರಾ ಡೇವಿಸ್ ಮತ್ತು ಗುಂಟರ್ ಬ್ಲೋಬೆಲ್ ಇದನ್ನು ರೂಪಿಸಿ, 1986ರಲ್ಲಿ ವರದಿ ಮಾಡಿದರು. ಪ್ರತಿಕಾಯ ಸುಂಡಿಲಿಯದು, ಅದರ ನೆರವಿನಿಂದ ಅವರು ರಂಧ್ರದ ಭಾಗವಾದ 62 ಕಿಲೋಡಾಲ್ಟನ್ ತೂಕದ ಪ್ರೋಟೀನನ್ನು ಗುರುತಿಸಿದರು. ಅದೇ ಇಂದಿನ ಎನ್‌ಯುಪಿ62.

ಒಂದಲ್ಲ, ಹಲವು

ಪ್ರೋಟೀನುಗಳನ್ನು ಜೆಲ್‌ನಲ್ಲಿ ಗಾತ್ರದಂತೆ ಬೇರ್ಪಡಿಸಿ ಹಾಳೆಗಿಳಿಸಿ ಗುರುತಿಸುವ ವೆಸ್ಟರ್ನ್ ಬ್ಲಾಟ್ ಮಾಡಿದರೆ ಈ ಪ್ರತಿಕಾಯ ಒಂದೇ ಪಟ್ಟಿ ತೋರಿಸಿ ಸುಮ್ಮನಾಗುವುದಿಲ್ಲ. 62ರ ಜೊತೆಗೆ ಎನ್‌ಯುಪಿ153, ಎನ್‌ಯುಪಿ214, ಎನ್‌ಯುಪಿ358 ಕೂಡ ಕಾಣಿಸಿಕೊಳ್ಳುತ್ತವೆ. ಫಿನೈಲ್‌ಅಲನಿನ್ ಮತ್ತು ಗ್ಲೈಸಿನ್ ಮತ್ತೆ ಮತ್ತೆ ಬರುವ ತುಣುಕುಗಳು ಇವೆಲ್ಲದರಲ್ಲೂ ಇವೆ, ಪ್ರತಿಕಾಯ ಹಿಡಿಯುವುದು ಅವನ್ನೇ. ಸರಕು ಹೊತ್ತ ಇಂಪೋರ್ಟಿನ್‌ನಂಥ ವಾಹಕಗಳು ರಂಧ್ರ ದಾಟುವಾಗ ತಗುಲಿಕೊಳ್ಳುವುದೂ ಇಂಥ ತುಣುಕುಗಳಿಗೇ. ಯೀಸ್ಟ್‌ನಲ್ಲೂ ಇವು ಇರುವುದರಿಂದ ಪ್ರತಿಕಾಯ ಅಲ್ಲಿಯೂ ಕೆಲಸ ಮಾಡುತ್ತದೆ. ಹೀಗೆ ಹಲವು ಪ್ರೋಟೀನುಗಳಿಗೆ ಅಂಟುವುದನ್ನು ದೋಷವೆಂದು ತಳ್ಳಿಹಾಕುವುದು ಸರಿಯಲ್ಲ: ರಂಧ್ರಗಳು ಎಲ್ಲಿವೆ ಎಂದು ನೋಡಬೇಕಾದವರಿಗೆ ಗುರಿಗಳು ಹೆಚ್ಚಿದ್ದಷ್ಟೂ ಹೊಳಪು ಹೆಚ್ಚು.

ಸೂಕ್ಷ್ಮದರ್ಶಕದಡಿ

ಬಣ್ಣ ಸೂಸುವ ಎರಡನೇ ಪ್ರತಿಕಾಯ ಸೇರಿಸಿ, ಕೋಶಕೇಂದ್ರದ ನಡುಮಟ್ಟಕ್ಕೆ ಫೋಕಸ್ ಮಾಡಿದಾಗ ಅಂಚಿನುದ್ದಕ್ಕೂ ತೆಳ್ಳನೆಯ ಉಂಗುರ ಕಾಣುತ್ತದೆ. ಫೋಕಸನ್ನು ಮೇಲ್ಮೈಗೆ ತಂದರೆ ಉಂಗುರ ಕರಗಿ, ಒತ್ತೊತ್ತಾದ ಸಣ್ಣ ಚುಕ್ಕಿಗಳು ಮೂಡುತ್ತವೆ. ಹೀಗೆ ಕಂಡರೆ ಗುರುತು ಸರಿಯಾಗಿ ಬಿದ್ದಿದೆ ಎಂದೇ ಅರ್ಥ.

ಪೊರೆಗೆ ತೂತು ಮಾಡುವ ರಾಸಾಯನಿಕದ ಆಯ್ಕೆ ಇಲ್ಲಿ ಬಹಳ ಮುಖ್ಯ. ಪ್ರತಿಕಾಯದ ತೂಕ ಸುಮಾರು 150 ಕಿಲೋಡಾಲ್ಟನ್. ವಾಹಕದ ನೆರವಿಲ್ಲದೆ ರಂಧ್ರದಲ್ಲಿ ಸರಾಗವಾಗಿ ನುಸುಳುವುದು ಸುಮಾರು 40ಕ್ಕಿಂತ ಕಡಿಮೆ ತೂಕದವು ಮಾತ್ರ. ಡಿಜಿಟೋನಿನ್ ಕೊಲೆಸ್ಟ್ರಾಲ್ ಹೆಚ್ಚಿರುವ ಜೀವಕೋಶದ ಹೊರಪೊರೆಯನ್ನಷ್ಟೇ ತೂತು ಮಾಡುತ್ತದೆ. ಆಗ ಪ್ರತಿಕಾಯ ಕೋಶಕೇಂದ್ರದ ಹೊರಗೇ ಉಳಿದು, ರಂಧ್ರದ ಹೊರಮುಖದಲ್ಲಿರುವ ಎನ್‌ಯುಪಿ358ರಂಥವನ್ನು ಗುರುತಿಸುತ್ತದೆ. ಟ್ರೈಟಾನ್ ಬಳಸಿದರೆ ಕೋಶಕೇಂದ್ರದ ಪೊರೆಯೂ ತೆರೆದು, ಒಳಮುಖದ ಎನ್‌ಯುಪಿ153 ಕೂಡ ಸಿಗುತ್ತದೆ. ರಂಧ್ರದ ಯಾವ ಮುಖದಲ್ಲಿ ಯಾವುದಿದೆ ಎಂಬುದನ್ನು ಇಷ್ಟು ಸರಳವಾಗಿ ಬಿಡಿಸಿ ತೋರಿಸುವ ವಿಧಾನ ನಿಜಕ್ಕೂ ಸೊಗಸಾದದ್ದು.

ಬಳಸುವಾಗ ಎಚ್ಚರ

ಬ್ಲಾಟ್‌ನಲ್ಲಿ ಮೇಲಿನ ಪಟ್ಟಿಗಳು ಮಸುಕಾಗಿದ್ದರೆ ಆ ಪ್ರೋಟೀನುಗಳೇ ಕಡಿಮೆ ಎಂದು ತೀರ್ಮಾನಿಸಬಾರದು. ದೊಡ್ಡ ಪ್ರೋಟೀನುಗಳು ಜೆಲ್‌ನಿಂದ ಬ್ಲಾಟ್ ಹಾಳೆಗೆ ಸುಲಭವಾಗಿ ಇಳಿಯುವುದಿಲ್ಲ. ಎನ್‌ಯುಪಿ62 ಒಂದರ ಪ್ರಮಾಣವನ್ನೇ ಅಳೆಯಬೇಕಾದಲ್ಲಿ ಸೂಕ್ಷ್ಮದರ್ಶಕದ ಹೊಳಪು ಪುರಾವೆಯಾಗದು. ಅದಕ್ಕೆ ಆ ಪ್ರೋಟೀನಿಗಷ್ಟೇ ಅಂಟುವ ಬೇರೆ ಪ್ರತಿಕಾಯ ಬೇಕು, ಜೊತೆಗೆ ಎನ್‌ಯುಪಿ62ರ ಉತ್ಪಾದನೆ ತಗ್ಗಿಸಿದ ಕೋಶಗಳಲ್ಲಿ ಪಟ್ಟಿ ಕುಗ್ಗುತ್ತದೆಯೇ ಎಂಬ ಪರೀಕ್ಷೆಯೂ ನಡೆಯಬೇಕು.