ಹಂದಿಮಾಂಸವೂ ಕರಿಯ ಕಾಳೂ

1555ರಲ್ಲಿ ವಿಲ್‌ಗಾನ್ಯೋಂ ಎಂಬ ಫ್ರೆಂಚ್ ನೌಕಾಧಿಕಾರಿಯು, ಇಂದು ರಿಯೊ ದ ಜನೈರೊ ನಗರವಿರುವ ಗ್ವಾನಬಾರ ಕೊಲ್ಲಿಯ ಪುಟ್ಟ ದ್ವೀಪವೊಂದರಲ್ಲಿ ಕೋಟೆ ಕಟ್ಟಿ ನೆಲಸಿದನು. ಎರಡು ವರ್ಷಗಳ ತರುವಾಯ ಅಲ್ಲಿಗೆ ಬಂದಿಳಿದ ಝಾನ್ ದ ಲೆರಿ ಎಂಬ ತರುಣನು, ಅಲ್ಲಿನ ಮೂಲನಿವಾಸಿಗಳಾದ ತುಪಿನಾಂಬ ಜನರು ಹಂದಿಯನ್ನು ಹೋಲುವ ಕಾಡುಮೃಗವನ್ನು ಬೇಟೆಯಾಡಿ, ಕವೆಗಳ ಮೇಲೆ ಹೆಣೆದ ಮರದ ಅಟ್ಟದಲ್ಲಿ ಅದರ ಮಾಂಸವನ್ನಿರಿಸಿ, ಮಂದಾಗ್ನಿಯ ಹೊಗೆಯಲ್ಲಿ ಬೇಯಿಸುತ್ತಿದ್ದುದನ್ನೂ, ಮರಗೆಣಸಿನ ಹಿಟ್ಟನ್ನು ಬೆರಳ ತುದಿಯಿಂದ ಒಂದಿಷ್ಟೂ ಚೆಲ್ಲದಂತೆ ಬಾಯಿಗೆಸೆದುಕೊಳ್ಳುತ್ತಿದ್ದುದನ್ನೂ ಕಂಡು, 1578ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಸವಿಸ್ತಾರವಾಗಿ ವರ್ಣಿಸಿರುವನು. ಅದನ್ನು ಅನುಕರಿಸಹೊರಟ ಫ್ರೆಂಚರ ಮುಖವೆಲ್ಲ ಹಿಟ್ಟಾಯಿತೆಂಬುದನ್ನೂ ಅವನು ಮರೆಮಾಚಿಲ್ಲ.

ಆ ಕೋಟೆಯು 1560ರಲ್ಲಿ ಪೋರ್ತುಗೀಸರ ವಶವಾಯಿತು. ಆದರೆ ಆಹಾರದ ವಿನಿಮಯವು ಕೋಟೆಗಳನ್ನು ನೆಚ್ಚಿ ನಡೆಯುವುದಲ್ಲ. ಯೂರೋಪಿನ ಸಾಕುಹಂದಿಯು ಪೋರ್ತುಗೀಸರ ಹಡಗುಗಳಲ್ಲಿ ಬ್ರೆಜಿಲಿಗೆ ಬಂದಿತು. ಅಮೆರಿಕದ ನೆಲದಲ್ಲಿ ಹುಟ್ಟಿದ ಬೀನ್ಸ್ ಕಾಳು ಅದೇ ಶತಮಾನದಲ್ಲಿ ಯೂರೋಪನ್ನು ಸೇರಿ, ಕ್ರಮೇಣ ದಕ್ಷಿಣ ಫ್ರಾನ್ಸಿನ ಕಸೂಲೆ ಎಂಬ ಅಡುಗೆಗೆ ಜೀವಾಳವಾಯಿತು. ಪೋರ್ತುಗೀಸರು ಮಾಂಸವನ್ನು ದ್ರಾಕ್ಷಾರಸ ಬೆಳ್ಳುಳ್ಳಿಗಳಲ್ಲಿ ನೆನೆಯಿಸುತ್ತಿದ್ದ ಪದ್ಧತಿಯೇ ನಮ್ಮ ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ವಿಂದಾಲುವಾಗಿ ಉಳಿದುಬಂದಿದೆ.

ಕಸೂಲೆಗೂ, ಕರಿಯ ಕಾಳನ್ನು ಹಂದಿಮಾಂಸದೊಡನೆ ಬೇಯಿಸುವ ಬ್ರೆಜಿಲಿನ ಫೆಯ್ಜೊವಾಡಕ್ಕೂ ಒಂದೊಂದು ಹಸಿವಿನ ಐತಿಹ್ಯವಿದೆ. ಶತವರ್ಷಯುದ್ಧದಲ್ಲಿ ಮುತ್ತಿಗೆಗೊಳಗಾದ ಕಸ್ತೆಲ್ನೊದಾರಿಯ ಪುರಜನರು ಮನೆಮನೆಯಲ್ಲಿ ಉಳಿದುದನ್ನೆಲ್ಲ ಒಂದೇ ಪಾತ್ರೆಗೆ ಸುರಿದರೆಂಬುದು ಮೊದಲಿನದು. ಆದರೆ ಆ ಕಾಲಕ್ಕೆ ಬೀನ್ಸ್ ಕಾಳು ಯೂರೋಪಿನಲ್ಲಿರಲೇ ಇಲ್ಲ. ಒಡೆಯರು ಎಸೆದ ಕಿವಿ, ಬಾಲ, ಕಾಲುಗಳನ್ನು ಗುಲಾಮರು ಕಾಳಿನೊಡನೆ ಬೇಯಿಸಿದರೆಂಬುದು ಎರಡನೆಯದು. ಆದರೆ ಪೋರ್ತುಗಲ್ಲಿನಲ್ಲಿ ಆ ಭಾಗಗಳು ಎಸೆಯತಕ್ಕವಾಗಿರಲಿಲ್ಲ, ಗುಲಾಮರ ಪಾಲಿಗಾದರೋ ಸಾಮಾನ್ಯವಾಗಿ ದೊರೆಯುತ್ತಿದ್ದುದು ಕಾಳು, ಮರಗೆಣಸಿನ ಹಿಟ್ಟು, ಅಪರೂಪಕ್ಕೆ ಒಣಮಾಂಸ, ಇಷ್ಟೇ. ಸಂಕೀರ್ಣವಾದ ಮಾಂಸಪಾಕವಾಗಿ ಫೆಯ್ಜೊವಾಡವು ಯೂರೋಪಿನ ಕುಲಕ್ಕೆ ಸೇರಿದುದೆಂದು ಬ್ರೆಜಿಲಿನ ಜಾನಪದ ವಿದ್ವಾಂಸ ಲೂಯಿಸ್ ದ ಕಾಮರ ಕಸ್ಕೂದು ಪ್ರತಿಪಾದಿಸಿದ್ದಾರೆ. ಈ ವಾದವನ್ನೊಪ್ಪಿದರೂ, ಗುಲಾಮಗಿರಿ ರದ್ದಾದ 1888ರವರೆಗೆ ಆ ದೇಶದ ಸಿರಿವಂತರ ಒಲೆಗಳ ಮುಂದೆ ನಿಂತು ಬೆಂದವರು ಬಹುಪಾಲು ಆಫ್ರಿಕಾಮೂಲದ ದಾಸಿಯರೆಂಬುದನ್ನು ಮರೆಯಲಾಗದು. ಅವರ ಗೌರವಕ್ಕೆ ಐತಿಹ್ಯದ ಆಸರೆ ಬೇಕಾಗಿಯೂ ಇಲ್ಲ.

ಫೆಯ್ಜೊವಾಡಕ್ಕೆ ಕರಿಯ ಕಾಳನ್ನು ಹಿಂದಿನ ರಾತ್ರಿಯೇ ನೆನೆಹಾಕುವರು. ಉಪ್ಪೂಡಿಸಿದ ಮಾಂಸವನ್ನು ನೀರು ಬದಲಿಸುತ್ತ ಸಪ್ಪಗೆ ಮಾಡುವರು. ಮೊದಲು ಗಟ್ಟಿಯಾದ ತುಂಡುಗಳು, ಬಳಿಕ ಹೊಗೆಯಾಡಿಸಿದ ಸಾಸೇಜು. ಕಡೆಗೆ ಒಂದು ಸೌಟು ಬೆಂದ ಕಾಳನ್ನು ಬೆಳ್ಳುಳ್ಳಿಯ ಒಗ್ಗರಣೆಯಲ್ಲಿ ಮಸೆದು ಪಾತ್ರೆಗೆ ಮರಳಿಸಿದೊಡನೆ ರಸವು ಮಂದವಾಗಿ ಹೊಳೆಯುವುದು. ಕಸೂಲೆಯನ್ನು ಮಾಡುವವರು ಹಂದಿಯ ತೊಗಲನ್ನು ಮಣ್ಣಿನ ಪಾತ್ರೆಯ ತಳಕ್ಕೆ ಹಾಸಿ, ಕಾವುಗೂಡಿನಲ್ಲಿ ಮೇಲೆ ಕಟ್ಟುವ ಕಂದುಕೆನೆಯನ್ನು ಮತ್ತೆ ಮತ್ತೆ ಒಡೆದು ಒಳಗಿಳಿಸುವರು.

1979ರಲ್ಲಿ ಫ್ರಾನ್ಸಿನ ರೊಆನ್ ಪಟ್ಟಣದ ಪ್ರಸಿದ್ಧ ಪಾಕಕುಟುಂಬದ ಕ್ಲೋದ್ ತ್ರೊಆಗ್ರೊ, ಮರುವರ್ಷ ಲೊರಾಂ ಸ್ವೊದೊ ಎಂಬ ಫ್ರೆಂಚ್ ಬಾಣಸಿಗರು ರಿಯೊಗೆ ಬಂದರು. ಫ್ರಾನ್ಸಿನಿಂದ ತರಿಸಿದ ಸಾಮಗ್ರಿಯನ್ನೇ ನೆಚ್ಚದೆ, ಪೇಟೆಯಲ್ಲಿ ದೊರೆತ ಮರಗೆಣಸನ್ನೂ ಮರಕುಜಾ ಎಂಬ ಪ್ಯಾಷನ್ ಹಣ್ಣನ್ನೂ ಫ್ರೆಂಚ್ ಪಾಕಕ್ರಮಕ್ಕೆ ಅಳವಡಿಸಿದ ಇವರ ಧೈರ್ಯವು ನನಗೆ ಮೆಚ್ಚಿಕೆಯಾದುದು. ಅವರ ಜಾಡಿನಲ್ಲಿ ಈ ಎರಡು ಅಡುಗೆಗಳನ್ನು ಬೆಸೆಯಬಯಸುವವರು ಕರಿಯ ಕಾಳಿನ ಪಾತ್ರೆಯನ್ನು ಕಾವುಗೂಡಿಗಿಟ್ಟು ಕೆನೆಗಟ್ಟಿಸಬಹುದು. ಆದರೆ ಫೆಯ್ಜೊವಾಡದ ಜತೆಗೆ ಬಡಿಸುವ ಕಿತ್ತಳೆಯ ಹೋಳುಗಳನ್ನು ಮಾತ್ರ ಕೈಬಿಡಬಾರದು, ಅಷ್ಟು ಕೊಬ್ಬಿನ ಜಿಡ್ಡನ್ನು ನಾಲಗೆಯಿಂದ ಕಳೆಯಲು ಅವೇ ಬೇಕು.