ಕೆಎ-09 ಗರಿಯಾಹಾಟ್‌ಗೆ ಬಂದಾಗ: ಸ್ಕೂಟರ್ ಮತ್ತು ಅನುಮತಿಯ ಇತಿಹಾಸ

ಈ ವಾರದ ವಿಡಿಯೊದ ಬರಹ ರೂಪ ಇದು. ಮಾತಾಡುವಾಗ ಅವಸರದಲ್ಲಿ ಬಿಟ್ಟುಹೋದ ಒಂದೆರಡು ವಿಷಯಗಳನ್ನೂ ಇಲ್ಲಿ ಸೇರಿಸಿದ್ದೇನೆ.

ಮೊದಲು ಇದೆಲ್ಲ ಶುರುವಾದದ್ದು ಹೇಗೆ ಅಂತ ಹೇಳ್ತೀನಿ. ಕೋಲ್ಕತ್ತಾದ ಗರಿಯಾಹಾಟ್ ಮೋಡ್‌ನಲ್ಲಿ ಒಂದು ಬೆಳಗ್ಗೆ ಸಿಗ್ನಲ್‌ಗೆ ನಿಂತಿದ್ದೆ. ಬಿಳಿ ಯೂನಿಫಾರ್ಮ್‌ನ ಸಾರ್ಜೆಂಟ್ ನನ್ನ ಸ್ಕೂಟರಿನ ಹಿಂದೆ ಬಂದು ನಂಬರ್ ಓದಿದರು. "ಕರ್ನಾಟಕ? ಕೊತೊ ದಿನ್?" ಎಷ್ಟು ದಿನ ಆಯ್ತು ಅಂತ. ಹತ್ತು ತಿಂಗಳು ಅಂದೆ. "ಬಾರೊ ಮಾಶ್," ಹನ್ನೆರಡು ತಿಂಗಳು ಅಂದು, ಬೆರಳೆತ್ತಿ ಎಚ್ಚರಿಸಿ ಕಳಿಸಿದರು. ದಂಡ ಹಾಕಲಿಲ್ಲ. ಆದರೆ ಆ ಎರಡು ಪದ ಆಫೀಸಿನವರೆಗೂ ನನ್ನ ಜೊತೆ ಬಂದವು.

ಆ ಸ್ಕೂಟರ್ ನಂದಲ್ಲ, ಅಮ್ಮಂದು. 2016ರಲ್ಲಿ ಮೈಸೂರಲ್ಲಿ ಕೊಂಡದ್ದು, ಕೆಎ-09. ಮಂಡಿನೋವು ಹೆಚ್ಚಾದ ಮೇಲೆ "ನೀನೇ ಇಟ್ಕೊಳೋ" ಅಂತ ಕೊಟ್ಟರು. ನನಗೆ ಕೋಲ್ಕತ್ತಾಗೆ ವರ್ಗ ಆದಾಗ ಟ್ಯಾಂಕ್ ಖಾಲಿ ಮಾಡಿ, ಗೋಣಿತಾಟು ಸುತ್ತಿ, ಆರ್‌ಸಿ ಜೆರಾಕ್ಸ್ ಅಂಟಿಸಿ ಬೆಂಗಳೂರಿಂದ ರೈಲ್ವೆ ಪಾರ್ಸೆಲ್‌ನಲ್ಲಿ ಹಾಕಿದೆ. ಹೌರಾದಲ್ಲಿ ಬಿಚ್ಚಿ ನೋಡಿದರೆ ಒಂದು ಕನ್ನಡಿ ಒಡೆದಿತ್ತು, ಅಷ್ಟೆ. ಕನ್ನಡಿ ಬದಲಾಯಿಸಿದೆ. ಈಗ ನಂಬರ್ ಬದಲಾಯಿಸಬೇಕಾ? ಅಮ್ಮನ ಸ್ಕೂಟರ್‌ಗೆ ಬಂಗಾಳದ ನಂಬರ್ ಹಾಕೋದಾ?

ಉತ್ತರ ಹುಡುಕ್ತಾ ಹೋದಾಗ ನನಗೆ ಅನ್ಸಿದ್ದು ಇಷ್ಟು: ನಮ್ಮ ದೇಶದಲ್ಲಿ ಸ್ಕೂಟರಿನ ಇತಿಹಾಸದಲ್ಲಿ ಎಂಜಿನ್‌ಗಿಂತ ಅನುಮತಿಯ ಪಾಲೇ ಹೆಚ್ಚು. ಯಾರು ತಯಾರಿಸಬಹುದು, ಯಾರು ಕೊಳ್ಳಬಹುದು, ಯಾರು ಓಡಿಸಬಹುದು, ಎಲ್ಲಿ ಓಡಿಸಬಹುದು.

ಇಟಲಿಯ ಕಣಜ

ಎರಡನೇ ಮಹಾಯುದ್ಧ ಮುಗಿದಾಗ ಇಟಲಿಯ ಪಿಯಾಜಿಯೊ ಕಂಪನಿಯ ಪಾಂಟೆಡೇರಾ ಕಾರ್ಖಾನೆ ಬಾಂಬಿಗೆ ನೆಲಸಮವಾಗಿತ್ತು. ಯುದ್ಧಕಾಲದಲ್ಲಿ ವಿಮಾನ ಮಾಡುತ್ತಿದ್ದ ಕಂಪನಿಗೆ ಈಗ ವಿಮಾನದ ಗಿರಾಕಿಯೇ ಇರಲಿಲ್ಲ. ಜನರ ಹತ್ತಿರ ಕಾರು ಕೊಳ್ಳೋ ದುಡ್ಡಿಲ್ಲ, ರಸ್ತೆಗಳು ಹಾಳಾಗಿದ್ದವು. ಎನ್ರಿಕೊ ಪಿಯಾಜಿಯೊ ಈ ಸಮಸ್ಯೆಯನ್ನು ಒಪ್ಪಿಸಿದ್ದು ಕೊರಾಡಿನೊ ದಾಸ್ಕಾನಿಯೊ ಎಂಬ ವಿಮಾನ ಎಂಜಿನಿಯರಿಗೆ. ಈತನಿಗೆ ಮೋಟರ್‌ಸೈಕಲ್ ಕಂಡರೆ ಆಗ್ತಿರಲಿಲ್ಲ. ಚೈನಿನ ಎಣ್ಣೆ ಪ್ಯಾಂಟಿಗೆ ಮೆತ್ತುತ್ತೆ, ಟಯರ್ ಬಿಚ್ಚೋದು ಕಷ್ಟ, ಕಾಲೆತ್ತಿ ಹತ್ತಬೇಕು. ಹಾಗಾಗಿ ಚೈನನ್ನೇ ತೆಗೆದುಹಾಕಿದ. ಎಂಜಿನ್ನನ್ನು ಹಿಂದಿನ ಚಕ್ರದ ಪಕ್ಕದಲ್ಲೇ ಕೂರಿಸಿದ. ಗೇರು ಕೈಗೆ ಬಂತು. ಮುಂದಿನ ಚಕ್ರವನ್ನು ವಿಮಾನದ ಚಕ್ರದಂತೆ ಒಂದೇ ಬದಿಯ ತೋಳಿಗೆ ಸಿಕ್ಕಿಸಿದ. ಕಾಲಿಡೋಕೆ ನಡುವೆ ಜಾಗ ಖಾಲಿ ಬಿಟ್ಟ. 1946ರಲ್ಲಿ ಅದು 'ವೆಸ್ಪಾ' ಹೆಸರಲ್ಲಿ ಬಂತು. ಇಟಾಲಿಯನ್‌ನಲ್ಲಿ ವೆಸ್ಪಾ ಅಂದ್ರೆ ಕಣಜ. ಮರುವರ್ಷ ಮಿಲಾನಿನ ಇನೊಚೆಂಟಿ ಕಂಪನಿ 'ಲ್ಯಾಂಬ್ರೆಟಾ' ತಂತು.

ಆ ಖಾಲಿ ಜಾಗವನ್ನು ನೆನಪಿಟ್ಟುಕೊಳ್ಳಿ. ಪಂಚೆ ಉಟ್ಟವರು, ಸೀರೆ ಉಟ್ಟವರು ಕಾಲೆತ್ತದೆ ಕೂರಬಹುದಾದ ಗಾಡಿ ಅದು. ಇಟಲಿಯವನು ನಮ್ಮನ್ನು ಮನಸ್ಸಲ್ಲಿ ಇಟ್ಕೊಂಡು ಮಾಡಿರಲಿಲ್ಲ. ಆದರೆ ನಮಗೆ ಹೇಳಿ ಮಾಡಿಸಿದ ಹಾಗಿತ್ತು.

ಸಾಲಿನಲ್ಲಿ ಹುಟ್ಟಿದ ಮಕ್ಕಳು

ಭಾರತದಲ್ಲಿ ಲ್ಯಾಂಬ್ರೆಟಾವನ್ನು ಮುಂಬಯಿಯ ಎಪಿಐ ಕಂಪನಿ 1950ರ ದಶಕದಲ್ಲಿ ತಂತು. ವೆಸ್ಪಾವನ್ನು ಮೊದಲು ಆಮದು ಮಾಡುತ್ತಿದ್ದ ಬಜಾಜ್, ಪಿಯಾಜಿಯೊ ಪರವಾನಗಿಯಡಿ 1960ರ ಸುಮಾರಿಗೆ ಇಲ್ಲೇ ತಯಾರಿಸತೊಡಗಿತು. 1971ರಲ್ಲಿ ಆ ಒಪ್ಪಂದ ಮುಗಿಯಿತು. 1972ರಲ್ಲಿ ಬಂದದ್ದೇ 'ಚೇತಕ್', ರಾಣಾ ಪ್ರತಾಪನ ಕುದುರೆಯ ಹೆಸರು. ಅದೇ ವರ್ಷ ಕೇಂದ್ರ ಸರ್ಕಾರ ಲಕ್ನೋದಲ್ಲಿ ಸ್ಕೂಟರ್ಸ್ ಇಂಡಿಯಾ ಸ್ಥಾಪಿಸಿ, ಇನೊಚೆಂಟಿಯ ಯಂತ್ರಗಳನ್ನೇ ಕೊಂಡು ತಂದು 'ವಿಜಯ್ ಸೂಪರ್' ಮಾಡಿಸಿತು. ಅದರ ಜೊತೆಗೆ ರಾಜ್ಯಗಳೂ ತಮ್ಮ ತಮ್ಮ ಹೆಸರಲ್ಲಿ ಸ್ಕೂಟರ್ ಬಿಟ್ಟವು. ಆಂಧ್ರದ್ದು 'ಪುಷ್ಪಕ್', ನಮ್ಮ ಕರ್ನಾಟಕದ್ದು 'ಫಾಲ್ಕನ್'. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಇದ್ದ ಕಾರಣ ನಮ್ಮೂರಿಗೆ ಜಾವಾ, ಯೆಜ್ಡಿಯ ಗತ್ತು ಗೊತ್ತಿತ್ತು. ಆದರೆ ಸಂಸಾರಸ್ಥರ ಕನಸು ಸ್ಕೂಟರೇ.

ಕನಸು ನನಸಾಗೋಕೆ ಮಾತ್ರ ಸಾಲಲ್ಲಿ ನಿಲ್ಲಬೇಕಿತ್ತು. ಆಗ ಕಂಪನಿಯೊಂದು ವರ್ಷಕ್ಕೆ ಎಷ್ಟು ಸ್ಕೂಟರ್ ಮಾಡಬಹುದು ಅನ್ನೋದನ್ನ ಸರ್ಕಾರದ ಲೈಸೆನ್ಸ್ ನಿರ್ಧರಿಸುತ್ತಿತ್ತು. 1969ರ ಏಕಸ್ವಾಮ್ಯ ಕಾಯ್ದೆ ಬಂದ ಮೇಲೆ ದೊಡ್ಡ ಕಂಪನಿಗಳು ಉತ್ಪಾದನೆ ಹೆಚ್ಚಿಸೋಕೆ ಇನ್ನೂ ಒಂದು ಅನುಮತಿ ಬೇಕಾಯಿತು. ನಾವು ಎಂಟೆಕ್‌ನಲ್ಲಿ ಓದಿದ ಕ್ಯೂಯಿಂಗ್ ಥಿಯರಿ ಇದ್ಯಲ್ಲ, ಅದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ಸಿಗಲ್ಲ. ಬರುವವರ ಸಂಖ್ಯೆ ದಿನದಿನಕ್ಕೆ ಏರುತ್ತೆ, ಕೌಂಟರ್ ಎಷ್ಟು ಜನರನ್ನ ಕಳಿಸಬೇಕು ಅನ್ನೋದನ್ನ ಕಾಗದದಲ್ಲಿ ಬರೆದು ಇಟ್ಟಿದ್ದಾರೆ. ಸಾಲು ಬೆಳೆಯದೆ ಇನ್ನೇನಾಗುತ್ತೆ? ಜನ ಬೇಡ್ತಿದ್ದ ಗಾಡಿಗಳಿಗೆ ಕಾಯುವ ಅವಧಿ ವರ್ಷಗಟ್ಟಲೆ, ಕೆಲವು ಸಲ ಹತ್ತು ವರ್ಷದ ಹತ್ತಿರ. ಹಳೇ ಗಾಡಿಗೆ ಹೊಸದಕ್ಕಿಂತ ಹೆಚ್ಚು ಬೆಲೆ. ವಿದೇಶಿ ಹಣದಲ್ಲಿ ಕಟ್ಟಿದರೆ ಬೇಗ. ಹಾಗಾಗಿ ಅಮೆರಿಕದಲ್ಲೋ ಕೊಲ್ಲಿಯಲ್ಲೋ ನೆಂಟರು ಇದ್ದವರಿಗೆ ಸಾಲೇ ಇಲ್ಲ.

ನಮ್ಮಪ್ಪನಿಗೆ ಅಂಥ ನೆಂಟರು ಇರಲಿಲ್ಲ. ಹೈಸ್ಕೂಲು ಮೇಷ್ಟ್ರು. 1979ರಲ್ಲಿ ಬುಕ್ ಮಾಡಿದಾಗ ಬ್ರಹ್ಮಚಾರಿ. ಗಾಡಿ ಬಂದದ್ದು 1986ರಲ್ಲಿ. ಅಷ್ಟರಲ್ಲಿ ಮದುವೆಯಾಗಿ, ನಮ್ಮಕ್ಕ ಫುಟ್‌ಬೋರ್ಡ್ ಮೇಲೆ ಹ್ಯಾಂಡಲ್ ಹಿಡಿದು ನಿಲ್ಲುವಷ್ಟು ದೊಡ್ಡವಳಾಗಿದ್ದಳು. ಬುಕಿಂಗ್ ರಸೀದಿಯನ್ನು ಅಜ್ಜಿ ದೇವರ ಪಟದ ಹಿಂದೆ ಇಟ್ಟಿದ್ದರಂತೆ. ಈ ಕಥೆಯನ್ನು ಅಪ್ಪ ನಗ್ತಾ ಹೇಳ್ತಾರೆ. ನನಗೆ ನಗು ಬರಲ್ಲ. ಮೇಷ್ಟ್ರೊಬ್ಬರು ದಿನಾ ಎಂಟು ಕಿಲೋಮೀಟರ್ ಸೈಕಲ್ ತುಳಿದ ಏಳು ವರ್ಷ ಅದು.

ಹಿಂದಿನ ಸೀಟಿಂದ ಮುಂದಿನ ಸೀಟಿಗೆ

ಇನ್ನೊಂದು ಸಾಲು ಯಾವ ರಿಜಿಸ್ಟರಿನಲ್ಲೂ ಇರಲಿಲ್ಲ. ಅಪ್ಪನ ಸ್ಕೂಟರ್ ಬಂದರೂ ಅಮ್ಮನ ಜಾಗ ಹಿಂದಿನ ಸೀಟು. ಒಂದೇ ಕಡೆ ಕಾಲು ಹಾಕಿ, ಸೆರಗು ಹಿಡಿದು, ಸೀರೆ ಗಾರ್ಡ್ ಪಕ್ಕ. ಅಮ್ಮ ಮೈಸೂರಲ್ಲೇ ಬ್ಯಾಂಕ್ ಗುಮಾಸ್ತೆ. ಅಪ್ಪ ಬಿಟ್ಟರೆ ಆಫೀಸು, ಇಲ್ಲಾಂದ್ರೆ ಸಿಟಿ ಬಸ್ಸು. ಆ ಕಾಲದ ಗೇರ್ ಸ್ಕೂಟರ್ ಭಾರ. ಕಿಕ್ ಹೊಡೆದು ಸಾಕಾಗುತ್ತೆ. ಸ್ಟಾರ್ಟ್ ಆಗದಿದ್ದರೆ ಗಾಡಿಯನ್ನೇ ಪಕ್ಕಕ್ಕೆ ವಾಲಿಸಬೇಕು. ಎಡಗೈಯಲ್ಲಿ ಕ್ಲಚ್ ಹಿಡಿದು ಅದೇ ಕೈಯಲ್ಲಿ ಗೇರು ತಿರುಗಿಸಬೇಕು. 'ಹೆಂಗಸರಿಗೆ ಆಗಲ್ಲ' ಅಂತ ಯಾವ ಕಾನೂನೂ ಹೇಳಿರಲಿಲ್ಲ, ಆದರೆ ಎಲ್ಲರೂ ಹೇಳ್ತಿದ್ರು.

ಇದನ್ನ ಬದಲಾಯಿಸಿದ್ದು ಸಣ್ಣ ಗಾಡಿಗಳು. 1972ರಲ್ಲಿ ಕೈನೆಟಿಕ್‌ನ 50 ಸಿಸಿ ಲೂನಾ ಬಂತು. 1980ರಲ್ಲಿ ಹೊಸೂರಿನಿಂದ ಟಿವಿಎಸ್ 50 ಬಂತು. ಹೊಸೂರು ಅಂದ್ರೆ ನಮ್ಮ ಗಡಿಯಾಚೆಗಿನ, ಇಂದಿಗೂ ಕನ್ನಡ ಕೇಳುವ ಊರು. 1980ರ ದಶಕದಲ್ಲಿ ವಿದೇಶಿ ಸಹಯೋಗಕ್ಕೆ ಸರ್ಕಾರ ಬಾಗಿಲು ತೆರೆದಾಗ, 1984ರಲ್ಲಿ ಕೈನೆಟಿಕ್ ಹೋಂಡಾ ಬಂತು. ಗೇರ್ ಇಲ್ಲ, ಬಟನ್ ಒತ್ತಿದರೆ ಸ್ಟಾರ್ಟ್. ಒಳಗಿನ ಉಪಾಯ ಸರಳ: ಎರಡು ಪುಲ್ಲಿ, ನಡುವೆ ಒಂದು ಬೆಲ್ಟು. ವೇಗ ಹೆಚ್ಚಿದಂತೆ ಮುಂದಿನ ಪುಲ್ಲಿಯ ತಟ್ಟೆಗಳು ಹತ್ತಿರ ಬಂದು ಬೆಲ್ಟನ್ನು ಹೊರಗೆ ತಳ್ಳುತ್ತವೆ, ಹಿಂದಿನದರಲ್ಲಿ ಬೆಲ್ಟು ಒಳಗೆ ಇಳಿಯುತ್ತೆ. ಗೇರು ತಾನಾಗೇ ಬದಲಾದ ಹಾಗೆ. 1990ರ ದಶಕದಲ್ಲಿ ಟಿವಿಎಸ್ ಸ್ಕೂಟಿ ಬಂದು ಕರ್ನಾಟಕದ ಪ್ರತಿ ಕಾಲೇಜಿನ ಮುಂದೆ ಸಾಲಾಗಿ ನಿಂತಿತು.

ಅಮ್ಮ 1997ರಲ್ಲಿ ಸರಸ್ವತೀಪುರಂನ ಒಂದು ಮೈದಾನದಲ್ಲಿ ಗೇರಿಲ್ಲದ ಗಾಡಿ ಕಲಿತರು. ಎರಡು ಸಲ ಬಿದ್ದರು. ಮೂರನೇ ವಾರ ನನ್ನನ್ನ ಹಿಂದೆ ಕೂರಿಸಿಕೊಂಡು ದೇವರಾಜ ಮಾರ್ಕೆಟ್‌ಗೆ ಹೋದರು. ಆಮೇಲೆ ನಮ್ಮನೇಲಿ "ಅಪ್ಪ ಬರ್ಲಿ, ಹೋಗೋಣ" ಅನ್ನೋ ವಾಕ್ಯ ನಿಂತೇ ಹೋಯ್ತು. ಆರ್ಥಿಕ ಉದಾರೀಕರಣ ಅಂದ್ರೆ 1991ರ ಬಜೆಟ್ ಅಂತೀವಿ. ನಮ್ಮನೆಗೆ ಅದು ಆರು ವರ್ಷ ತಡವಾಗಿ, ಎರಡು ಚಕ್ರದ ಮೇಲೆ ಬಂತು.

ಆ ಹೊತ್ತಿಗೆ ಹಳೇ ಸ್ಕೂಟರಿನ ಕಾಲ ಮುಗೀತಾ ಇತ್ತು. ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ಹೊಗೆ ಹೊರಹೋಗುವಾಗ ಸುಡದ ಪೆಟ್ರೋಲು, ಎಣ್ಣೆಯೂ ಒಂದಷ್ಟು ಹೊರಹೋಗುತ್ತೆ. 2000ದ ಹೊಗೆ ನಿಯಮಗಳು ಬಿಗಿಯಾದಾಗ ಅದು ಉಳಿಯೋದು ಕಷ್ಟವಾಯಿತು. ಮೈಲೇಜ್ ಕೊಡುವ ಬೈಕುಗಳು ಅದಾಗಲೇ ಮಾರುಕಟ್ಟೆ ಹಿಡಿದಿದ್ದವು. 2009ರಲ್ಲಿ ಬಜಾಜ್ ಸ್ಕೂಟರನ್ನೇ ಕೈಬಿಟ್ಟಿತು. ಸ್ಕೂಟರ್ ಸತ್ತಿತು ಅಂತ ಬರೆದವರಿದ್ದರು. ಸಾಯಲಿಲ್ಲ. 2001ರಲ್ಲಿ ಬಂದಿದ್ದ 102 ಸಿಸಿ, ಫೋರ್-ಸ್ಟ್ರೋಕ್ ಆಕ್ಟಿವಾ ಅದನ್ನ ಉಳಿಸಿತು. 2013ರಲ್ಲಿ ಹೋಂಡಾ ಕೋಲಾರ ಜಿಲ್ಲೆಯ ನರಸಾಪುರದಲ್ಲೂ ಕಾರ್ಖಾನೆ ತೆರೆಯಿತು. ಅದೇ ವರ್ಷ ಶುರುವಾದ ಏಥರ್, ಬೆಂಗಳೂರಿನ ರಸ್ತೆಗೆ 2018ರಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಬಿಟ್ಟಿತು. ಚೇತಕ್ ಹೆಸರೂ 2020ರಲ್ಲಿ ಬ್ಯಾಟರಿ ಹೊತ್ತು ವಾಪಸ್ ಬಂತು.

ಗರಿಯಾಹಾಟ್‌ನ ರಸ್ತೆ ಯಾರದು?

ಈಗ ನನ್ನ ದಿನಚರಿಗೆ ಬರ್ತೀನಿ. ಗರಿಯಾಹಾಟ್‌ನಿಂದ ಬಿಜೊನ್ ಸೇತು ಹತ್ತಿ, ಕಸ್ಬಾ ದಾಟಿ, ರೂಬಿ ಮೋಡ್‌ನಲ್ಲಿ ಬೈಪಾಸ್ ಹಿಡಿದು, ಸೈನ್ಸ್ ಸಿಟಿ, ಚಿಂಗ್ರಿಘಾಟಾ, ಆಮೇಲೆ ಸಾಲ್ಟ್ ಲೇಕ್ ಸೆಕ್ಟರ್ ಫೈವ್. ಆಟೊ ಇದೆ, ಆದರೆ ಇಲ್ಲಿ ಆಟೊ ನಮ್ಮ ಬೆಂಗಳೂರಿನ ಹಾಗಲ್ಲ. ಗೊತ್ತಾದ ರೂಟಿನಲ್ಲಿ ನಾಲ್ಕು ಜನರನ್ನ ತುಂಬಿಸಿಕೊಂಡು ಹೋಗುತ್ತೆ. ನಡುವೆ ಇಳಿದು ಮತ್ತೆ ಸಾಲಲ್ಲಿ ನಿಲ್ಲಬೇಕು. ಸ್ಕೂಟರಲ್ಲಾದರೆ ಹೊರಟವನು ಹೋಗಿ ತಲುಪ್ತೀನಿ. ವಾಪಸ್ ಬರುವಾಗ ಲೇಕ್ ಮಾರ್ಕೆಟ್ ಕಡೆ ತಿರುಗಿಸಿದರೆ ಕಾಫಿ ಪುಡಿ, ಬಾಳೆ ಎಲೆ, ಮಲ್ಲಿಗೆ ಸಿಗುತ್ತೆ. ಮಳೆಗಾಲದ ಒಂದು ಎಚ್ಚರಿಕೆ: ನೀರು ನಿಂತಿರೋ ಕಡೆ ಬೆಲ್ಟಿನ ಡಬ್ಬಿಗೆ ನೀರು ಹೊಕ್ಕರೆ ಎಂಜಿನ್ ಕೂಗುತ್ತೆ, ಗಾಡಿ ಕದಲಲ್ಲ. ತಳ್ಳಿಕೊಂಡು ಹೋಗೋದೇ ಕ್ಷೇಮ.

ರಸ್ತೆ ಯಾರದು ಅನ್ನೋ ಜಗಳ ಈ ಊರಿಗೆ ಹೊಸದಲ್ಲ. 1996ರ ನವೆಂಬರ್‌ನಲ್ಲಿ 'ಆಪರೇಷನ್ ಸನ್‌ಶೈನ್' ಹೆಸರಲ್ಲಿ ಗರಿಯಾಹಾಟ್‌ನ ಫುಟ್‌ಪಾತ್ ವ್ಯಾಪಾರಿಗಳನ್ನು ರಾತ್ರೋರಾತ್ರಿ ಎಬ್ಬಿಸಿದರು. ಅವರು ಮೆಲ್ಲಗೆ ವಾಪಸ್ ಬಂದರು, ಈಗಲೂ ಇದ್ದಾರೆ. 1902ರಿಂದ ಕರೆಂಟಿನಲ್ಲಿ ಓಡಿದ ಟ್ರ್ಯಾಮಿಗೆ ಆ ಅದೃಷ್ಟ ಇಲ್ಲ. ಮೈದಾನ್–ಎಸ್ಪ್ಲನೇಡ್ ನಡುವಿನ ತುಂಡು ಬಿಟ್ಟು ಉಳಿದದ್ದು ನಿಲ್ಲುತ್ತೆ ಅಂತ 2024ರಲ್ಲಿ ಸರ್ಕಾರ ಹೇಳಿತು. ಗರಿಯಾಹಾಟ್ ಡಿಪೊ ಮುಂದಿನ ಹಳಿ ಮೇಲೆ ಒದ್ದೆಯಲ್ಲಿ ಸ್ಕೂಟರ್ ಜಾರುವಾಗ ನನಗೂ ಕೋಪ ಬರುತ್ತೆ. ಆದರೆ ಇಲ್ಲಿ ಹೊಸಬ ನಾನು, ಹಳಿಯಲ್ಲ.

ಹನ್ನೆರಡು ತಿಂಗಳು

ಸಾರ್ಜೆಂಟ್ ಹೇಳಿದ್ದು 1988ರ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್. ಒಂದು ರಾಜ್ಯದ ಗಾಡಿ ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇದ್ದರೆ ಅಲ್ಲಿನ ನಂಬರ್ ಪಡೆಯಬೇಕು. ನಮ್ಮ ಕರ್ನಾಟಕ 2014ರಲ್ಲಿ ಇನ್ನೂ ಬಿಗಿ ಮಾಡಿ, ಹೊರರಾಜ್ಯದ ಗಾಡಿ 30 ದಿನ ದಾಟಿದರೆ ಜೀವಾವಧಿ ತೆರಿಗೆ ಕಟ್ಟಬೇಕು ಅಂದಿತ್ತು. 2016ರಲ್ಲಿ ಹೈಕೋರ್ಟ್ ಅದನ್ನು ತಳ್ಳಿಹಾಕಿತು. ಬೆಳ್ಳಂದೂರಿನ ಜಾಮ್‌ನಲ್ಲಿ ಡಬ್ಲ್ಯುಬಿ ನಂಬರ್ ಕಂಡು "ಎಲ್ಲಿಂದೆಲ್ಲಿಂದಲೋ ಬರ್ತಾರೆ" ಅಂತ ನಾನೂ ಗೊಣಗಿದ್ದೆ. ಈಗ ಆ ಮಾತು ಕೇಳಿಸಿಕೊಳ್ಳೋ ಸರದಿ ನಂದು.

2021ರಲ್ಲಿ ಬಿಎಚ್ ಸರಣಿ ಬಂತು. ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಆಫೀಸ್ ಇರೋ ಖಾಸಗಿ ಕಂಪನಿಯ ನೌಕರರಿಗೂ ಸಿಗುತ್ತೆ. ಕಂಪನಿಯಿಂದ ಫಾರ್ಮ್ 60 ಬೇಕು, ತೆರಿಗೆ ಎರಡೆರಡು ವರ್ಷಕ್ಕೆ. ಹಳೇ ಗಾಡಿಯನ್ನೂ ಅದಕ್ಕೆ ಬದಲಾಯಿಸಲು 2022ರ ಕೊನೆಗೆ ಅವಕಾಶ ಕೊಟ್ಟರು. ಪದೇಪದೇ ಊರು ಬದಲಾಯಿಸುವ ನಮ್ಮಂಥವರು ಮೊದಲು ನೋಡಬೇಕಾದ ದಾರಿ ಇದು. ಆದರೆ ಆರ್‌ಸಿ ನಿಮ್ಮ ಹೆಸರಲ್ಲಿರಬೇಕು. ನಂದು ಅಮ್ಮನ ಹೆಸರಲ್ಲಿದೆ. ನಾನಂತೂ ಈ ಊರಲ್ಲಿ ನಿಲ್ಲೋಣ ಅಂದುಕೊಂಡಿದ್ದೀನಿ. ಹಾಗಾಗಿ ನನ್ನ ದಾರಿ ಹಳೇದೇ: ಊರಿನ ಆರ್‌ಟಿಒದಿಂದ ಎನ್‌ಒಸಿಗೆ ಫಾರ್ಮ್ 28, ಹೆಸರು ಬದಲಾವಣೆಗೆ 29 ಮತ್ತು 30, ಹೊಸ ನಂಬರಿಗೆ 27. ಹಳೇ ದಂಡ ಬಾಕಿ ಇದ್ದರೆ ಮೊದಲು ಕಟ್ಟಿ. ಇಲ್ಲಿ ತೆರಿಗೆ ಕಟ್ಟಿದ ಮೇಲೆ ಅಲ್ಲಿನದರಲ್ಲಿ ಉಳಿದ ಪಾಲನ್ನು ವಾಪಸ್ ಕೇಳಬೇಕು. ಇನ್ಶೂರೆನ್ಸಿನಲ್ಲೂ ಹೆಸರು, ನಂಬರ್ ತಿದ್ದಿಸೋದು ಮರೀಬೇಡಿ.

ಅಮ್ಮನ ಸಹಿ ಬೇಕಿತ್ತು. ಫೋನ್ ಮಾಡಿ ಸುತ್ತಿ ಬಳಸಿ ಹೇಳಿದೆ: ಕೆಎ-09 ಹೋಗುತ್ತೆ, ನಿನ್ನ ಹೆಸರೂ ಹೋಗುತ್ತೆ.

"ಚಾಸಿ ನಂಬರ್ರೂ ಬದಲಾಯಿಸ್ತಾರೇನೋ?" ಅಂದರು.

ಇಲ್ಲಮ್ಮ, ಅದು ಕಬ್ಬಿಣದಲ್ಲೇ ಕೊರೆದಿರುತ್ತೆ ಅಂದೆ.

"ಮತ್ತೇನು? ಫಾರ್ಮ್ ಕಳಿಸು, ಸಹಿ ಮಾಡ್ತೀನಿ. ಸೊಸೆಗೆ ಓಡಿಸೋಕೆ ಕಲಿಸಿದ್ಯಾ?"

ಕಲಿಸಿರಲಿಲ್ಲ. ಒಂದು ವರ್ಷದಿಂದ ಅವಳು ಹಿಂದಿನ ಸೀಟಲ್ಲೇ ಕೂರ್ತಿದ್ದಾಳೆ, ನನ್ನ ಮೀಟಿಂಗ್ ಮುಗಿಯೋದನ್ನ ಕಾಯ್ತಾ. ನಂಬರ್ ಪ್ಲೇಟ್ ಬಗ್ಗೆ ಇಷ್ಟೆಲ್ಲ ಓದಿದವನಿಗೆ ಇದು ಹೊಳೆದಿರಲಿಲ್ಲ. ಮೊದಲು ಅವಳ ಎಲ್‌ಎಲ್‌ಆರ್‌ಗೆ ಅರ್ಜಿ ಹಾಕಿದೆವು. ಆಮೇಲೆ ಫಾರ್ಮ್ 28 ಪ್ರಿಂಟ್ ತೆಗೆದೆ.

ನಿಮ್ಮನೆಗೆ ಮೊದಲ ಸ್ಕೂಟರ್ ಯಾವಾಗ ಬಂತು, ಎಷ್ಟು ವರ್ಷ ಕಾದರು, ಯಾರು ಓಡಿಸಿದರು ಅಂತ ಈ ಸಲ ಊರಿಗೆ ಹೋದಾಗ ಹಿರಿಯರನ್ನ ಕೇಳಿ. ಮುಂದಿನ ವಿಡಿಯೊದಲ್ಲಿ ಸಿಗೋಣ.