ಉಷ್ಣಸಹ ಒಳಪದರದ ಗುತ್ತಿಗೆ ಕಾಮಗಾರಿ

ಉಷ್ಣಸಹ ಒಳಪದರದ ಗುತ್ತಿಗೆ ಕಾಮಗಾರಿ ಎಂದರೆ ಕುಲುಮೆ, ಬಾಯ್ಲರ್, ಸುಡುಗೂಡು ಮೊದಲಾದವುಗಳ ಒಳಮೈಯಲ್ಲಿರುವ ಶಾಖ ತಡೆಯುವ ಪದರವನ್ನು ಗುತ್ತಿಗೆ ಪಡೆದು ದುರಸ್ತಿ ಮಾಡುವ ಅಥವಾ ಹೊಸದಾಗಿ ಕಟ್ಟುವ ಕೆಲಸ. ಕಾರ್ಖಾನೆಗಳಲ್ಲಿ ಇದನ್ನು ರಿಫ್ರ್ಯಾಕ್ಟರಿ ಕೆಲಸ ಎನ್ನುತ್ತಾರೆ. ಉತ್ಪಾದನೆ ನಿಂತಿರುವಾಗ ಮಾತ್ರ ಇದು ಸಾಧ್ಯ; ಈ ಅವಧಿಗೆ ಶಟ್‌ಡೌನ್ ಎಂದು ಹೆಸರು. ಅವಧಿ ಸೀಮಿತವಾದುದರಿಂದ ಕೆಲಸದ ಯಶಸ್ಸು ಮುಂಗಡ ಯೋಜನೆ ಮತ್ತು ಅಂದಾಜನ್ನು ಅವಲಂಬಿಸಿದೆ.

ಶಿವಮೊಗ್ಗ ಜಿಲ್ಲೆಯ ಹಿನ್ನೆಲೆ

ಜಿಲ್ಲೆಯಲ್ಲಿ ಬೃಹತ್ ಕುಲುಮೆಗಳ ಇತಿಹಾಸ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯೊಂದಿಗೆ ಬೆಸೆದುಕೊಂಡಿದೆ. ಮೈಸೂರು ಸಂಸ್ಥಾನ ಸ್ಥಾಪಿಸಿದ ಈ ಕಾರ್ಖಾನೆಯಲ್ಲಿ 1923ರಲ್ಲಿ ಬೀಡುಕಬ್ಬಿಣದ ಉತ್ಪಾದನೆ ಆರಂಭವಾಯಿತು. ಮಲೆನಾಡಿನ ಕಾಡಿನ ಸೌದೆಯಿಂದ ಪಡೆದ ಇದ್ದಿಲೇ ಅಲ್ಲಿನ ಊದುಕುಲುಮೆಗೆ ಇಂಧನವಾಗಿತ್ತು. ಇದೇ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಕೃಷಿಪ್ರಧಾನವಾದವು. ಇಲ್ಲಿ ಕೆಂಪಡಿಕೆ ಬೇಯಿಸುವ ಒಲೆಗಳನ್ನು ಕೊಯ್ಲಿಗೆ ಮೊದಲೇ ಸರಿಪಡಿಸಿಕೊಳ್ಳಬೇಕಾಗುತ್ತದೆ. ಸುಲಿದ ಹಸಿ ಅಡಿಕೆ ಬಹುಕಾಲ ಕಾಯದು. ಪ್ರಮಾಣ ಬೇರೆಯಾದರೂ ಶಟ್‌ಡೌನ್ ಯೋಜನೆಯ ಮೂಲತತ್ತ್ವ ಇದೇ ಆಗಿದೆ.

ಸಾಮಗ್ರಿಗಳು

ಸಾಮಾನ್ಯ ತಾಪಕ್ಕೆ ಬೆಂಕಿಮಣ್ಣಿನ ಇಟ್ಟಿಗೆ, ಅದಕ್ಕಿಂತ ಹೆಚ್ಚಿನ ತಾಪಕ್ಕೆ ಅಧಿಕ ಅಲ್ಯೂಮಿನಾ ಇಟ್ಟಿಗೆ, ಉಕ್ಕು ಕರಗಿಸುವಲ್ಲಿ ಮ್ಯಾಗ್ನೀಷಿಯಾ ಆಧಾರಿತ ಇಟ್ಟಿಗೆ ಬಳಕೆಯಲ್ಲಿವೆ. ಇಟ್ಟಿಗೆ ಕೂರದ ಬಾಗು, ಮೂಲೆಗಳಲ್ಲಿ ಕ್ಯಾಸ್ಟೇಬಲ್ ಎಂಬ ಉಷ್ಣಸಹ ಕಾಂಕ್ರೀಟನ್ನು ಎರಕ ಹೊಯ್ಯುತ್ತಾರೆ. ಅದನ್ನು ಹಿಡಿದಿಡಲು ಉಕ್ಕಿನ ಕವಚಕ್ಕೆ ಲೋಹದ ಕೊಕ್ಕೆಗಳನ್ನು ಬೆಸೆಯಲಾಗುತ್ತದೆ. ಸಿಮೆಂಟ್ ಬೆರೆತ ಕ್ಯಾಸ್ಟೇಬಲ್ ತೇವಕ್ಕೆ ಗಟ್ಟಿಯಾಗಿ ಕೆಡುವುದರಿಂದ ಮಲೆನಾಡಿನ ಮಳೆಗಾಲದಲ್ಲಿ ದಾಸ್ತಾನಿಗೆ ವಿಶೇಷ ಎಚ್ಚರಿಕೆ ಬೇಕು.

ಅಂದಾಜು

ಅಂದಾಜಿನ ಮುಖ್ಯ ತೊಡಕೆಂದರೆ ಸವೆತದ ನಿಜ ಸ್ಥಿತಿ ಕುಲುಮೆ ತಣ್ಣಗಾಗಿ ತೆರೆದ ಮೇಲಷ್ಟೇ ತಿಳಿಯುತ್ತದೆ. ಆದ್ದರಿಂದ ಹಿಂದಿನ ದುರಸ್ತಿಗಳ ದಾಖಲೆ, ನಕ್ಷೆಗಳು ಹಾಗೂ ಕುಲುಮೆ ನಡೆಯುತ್ತಿರುವಾಗ ಹೊರಕವಚದ ಮೇಲೆ ಅಳೆದ ತಾಪ ಇವುಗಳನ್ನು ಆಧರಿಸುತ್ತಾರೆ. ಕವಚದ ಯಾವುದಾದರೂ ಭಾಗ ಅತಿಯಾಗಿ ಬಿಸಿಯಾಗಿದ್ದರೆ ಅಲ್ಲಿ ಒಳಪದರ ತೆಳುವಾಗಿರುವ ಸಂಭವ ಹೆಚ್ಚು.

ಪರಿಮಾಣದ ಲೆಕ್ಕಕ್ಕೆ ಒಂದು ಉದಾಹರಣೆ: ಕವಚದ ಒಳವ್ಯಾಸ 3 ಮೀಟರ್, ಎತ್ತರ 5 ಮೀಟರ್, ಪದರದ ದಪ್ಪ 230 ಮಿ.ಮೀ. ಇರುವ ಉರುಳೆಯಾಕಾರದ ಕುಲುಮೆಯಲ್ಲಿ ಪದರದ ಸರಾಸರಿ ವ್ಯಾಸ 2.77 ಮೀಟರ್; ಘನ ಅಳತೆ ಸುಮಾರು 10 ಘನ ಮೀಟರ್. 230×115×75 ಮಿ.ಮೀ. ಇಟ್ಟಿಗೆಯನ್ನು 2 ಮಿ.ಮೀ. ಸಂದಿಯೊಡನೆ ಕಟ್ಟಿದರೆ ಘನ ಮೀಟರಿಗೆ ಸುಮಾರು 478 ಇಟ್ಟಿಗೆ ಹಿಡಿಯುತ್ತವೆ. ಒಟ್ಟು 4,780 ಇಟ್ಟಿಗೆಗೆ ಒಡಕಿನ ಬಾಬ್ತು ಶೇ. 5 ಸೇರಿಸಿದರೆ ಸುಮಾರು 5,020 ಆಗುತ್ತದೆ. ಸುತ್ತುಗೋಡೆಗೆ ಬೇಕಾದ ಓರೆ ಇಟ್ಟಿಗೆಗಳ ಅನುಪಾತವನ್ನು ಪ್ರತ್ಯೇಕವಾಗಿ ಲೆಕ್ಕಿಸಬೇಕು.

ಖಚಿತವಾಗಿ ಅಳೆಯಬಹುದಾದ ಕೆಲಸಕ್ಕೆ ಒಟ್ಟು ಮೊತ್ತವನ್ನೂ, ತೆರೆದ ಮೇಲೆ ತಿಳಿಯುವ ಕೆಲಸಕ್ಕೆ ಘನ ಮೀಟರ್ ಅಥವಾ ಟನ್ ಲೆಕ್ಕದ ದರವನ್ನೂ ಒಪ್ಪಂದದಲ್ಲಿ ನಮೂದಿಸುವುದು ಎರಡೂ ಪಕ್ಷಗಳಿಗೆ ಹಿತಕರ. ಹಳೆಯ ಪದರ ಒಡೆಯುವುದು, ತ್ಯಾಜ್ಯ ಸಾಗಣೆ, ಅಟ್ಟಣೆ, ವಿದ್ಯುತ್ತು ಮತ್ತು ನೀರು ಯಾರ ಹೊಣೆ ಎಂಬುದು ಬರವಣಿಗೆಯಲ್ಲಿರಬೇಕು. ವಿವಾದಗಳು ಹುಟ್ಟುವುದು ಇಂಥ ಬಿಟ್ಟುಹೋದ ಬಾಬ್ತುಗಳಿಂದ.

ವೇಳಾಪಟ್ಟಿ

ಕೆಲಸದ ಅನುಕ್ರಮ ಹೀಗಿದೆ: ತಣಿಸುವುದು, ಅನಿಲ ಪರೀಕ್ಷೆ, ಅಟ್ಟಣೆ ಕಟ್ಟುವುದು, ಹಳೆಯ ಪದರ ಒಡೆಯುವುದು, ಕವಚದ ತಪಾಸಣೆ, ಕೊಕ್ಕೆಗಳ ಬೆಸುಗೆ, ಇಟ್ಟಿಗೆ ಕಟ್ಟುವುದು ಅಥವಾ ಎರಕ, ಒಣಗಿಸುವುದು, ಕ್ರಮವಾಗಿ ಕಾಯಿಸುವುದು. ಒಂದರ ವಿಳಂಬ ಮುಂದಿನದನ್ನು ತಡೆಯುತ್ತದೆ. ಕುಲುಮೆಯೊಳಗಿನ ಜಾಗ ಕಿರಿದಾದುದರಿಂದ ಆಳುಗಳನ್ನು ಇಮ್ಮಡಿಗೊಳಿಸಿದ ಮಾತ್ರಕ್ಕೆ ಕೆಲಸ ಇಮ್ಮಡಿ ವೇಗದಲ್ಲಿ ಸಾಗದು. ಪಾಳಿಗಳ ವ್ಯವಸ್ಥೆ ಅಗತ್ಯ.

ತಡವಾದಾಗ ಸಾಮಾನ್ಯವಾಗಿ ಕೊನೆಯ ಹಂತವಾದ ಒಣಗಿಸುವಿಕೆಗೆ ಕತ್ತರಿ ಬೀಳುತ್ತದೆ. ಇದು ಅತ್ಯಂತ ಅಪಾಯಕಾರಿ. ಕ್ಯಾಸ್ಟೇಬಲಿನ ಒಳಗಿನ ನೀರು ಹೊರಹೋಗುವ ಮೊದಲೇ ತಾಪ ಏರಿಸಿದರೆ ಆವಿಯ ಒತ್ತಡದಿಂದ ಪದರ ಸಿಡಿಯಬಹುದು. ಆದುದರಿಂದ ಸುಮಾರು 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲಕಾಲ ತಡೆದು, ಬಳಿಕ ತಯಾರಕರು ಸೂಚಿಸಿದ ಗತಿಯಲ್ಲಿ ತಾಪ ಹೆಚ್ಚಿಸುತ್ತಾರೆ. ಈ ಗಂಟೆಗಳನ್ನು ಕಡಿತಗೊಳಿಸಲಾಗದ ಅವಧಿಯೆಂದು ಯೋಜನೆಯ ಆರಂಭದಲ್ಲಿಯೇ ಕಾಯ್ದಿರಿಸಬೇಕು.

ಸುರಕ್ಷತೆ

ಹಳೆಯ ಪದರ ಒಡೆಯುವಾಗ ಏಳುವ ಸಿಲಿಕಾ ಧೂಳು ಸಿಲಿಕೋಸಿಸ್ ಎಂಬ ವಾಸಿಯಾಗದ ಶ್ವಾಸಕೋಶದ ರೋಗಕ್ಕೆ ಕಾರಣ. ಮುಚ್ಚಿದ ಜಾಗಗಳಲ್ಲಿ ವಿಷಾನಿಲದ ಅಪಾಯವೂ ಇದೆ. 1948ರ ಕಾರ್ಖಾನೆಗಳ ಕಾಯಿದೆಯ 36ನೆಯ ಕಲಮು ಇಂಥ ಅಪಾಯಕ್ಕೆ ಸಂಬಂಧಿಸಿದುದಾಗಿತ್ತು. ಉಸಿರಾಟದ ಮುಖವಾಡ, ಗಾಳಿಯ ಪೂರೈಕೆ ಮತ್ತು ಹೊರಗೆ ನಿಂತು ಕಾಯುವ ಸಹಾಯಕನ ಕೂಲಿ ಇವು ಅಂದಾಜುಪಟ್ಟಿಯಲ್ಲಿ ಸ್ವತಂತ್ರ ಬಾಬ್ತುಗಳಾಗಿದ್ದರೆ ದರದ ಪೈಪೋಟಿಯಲ್ಲಿ ಅವು ಕೈಬಿಟ್ಟುಹೋಗುವುದಿಲ್ಲ.